ಬಾಡಿಗೆ ಮನೆಯ ದುರಸ್ತಿ ಮತ್ತು ಒಡೆಯನ ಹೊಣೆ: ಶಾಸನಗಳ ಇತಿಹಾಸದಿಂದ ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ಮನೆಯ ಮಾಳಿಗೆ ಸೋರುತ್ತದೆ; ಗೋಡೆಯ ಗಾರೆ ಕಳಚಿ ಬೀಳುತ್ತದೆ; ನೀರಿನ ಕೊಳವೆ ಒಡೆದಿದೆ. ಮನೆ ಒಬ್ಬನದು, ವಾಸ ಇನ್ನೊಬ್ಬನದು. ಇದನ್ನು ಸರಿಪಡಿಸಬೇಕಾದವರು ಯಾರು? ಸರಿಪಡಿಸಬೇಕಾದವನು ಸುಮ್ಮನೆ ಕುಳಿತರೆ ಮತ್ತೊಬ್ಬನಿಗೆ ಉಳಿಯುವ ಉಪಾಯವೇನು? ಮೇಲುನೋಟಕ್ಕೆ ಇದು ನಿತ್ಯಜೀವನದ ಅಲ್ಪವಿಷಯವೆಂದು ತೋರಬಹುದು. ಇತಿಹಾಸದ ಅಭ್ಯಾಸಕ್ಕೆ ಯೋಗ್ಯವಾದ ವಸ್ತುವೇ ಎಂಬ ಶಂಕೆಯೂ ಹುಟ್ಟಬಹುದು. ಆದರೆ ಊರಿಂದೂರಿಗೆ ವರ್ಗವಾಗಿ ಹೋಗುವ ಅಧ್ಯಾಪಕರಿಗೂ ಓದಿಗಾಗಿ ಪಟ್ಟಣ ಸೇರುವ ವಿದ್ಯಾರ್ಥಿಗಳಿಗೂ ಈ ಪ್ರಶ್ನೆ ಎಷ್ಟು ಹತ್ತಿರದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇನ್ನು ಇತಿಹಾಸದ ಮಾತು: ಕಳೆದ ಸುಮಾರು ನೂರ ಎಂಬತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ನ್ಯಾಯಾಲಯಗಳೂ ಶಾಸನಸಭೆಗಳೂ ಕೊಟ್ಟ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದುರಸ್ತಿಯ ಹಕ್ಕು ಹಲವು ಸಲ ನಷ್ಟವಾದುದು ಯಾರೂ ಅದನ್ನು ರದ್ದುಮಾಡಿದುದರಿಂದಲ್ಲ. ಶಾಸನದಲ್ಲಿ ಒಮ್ಮೆ ಬರೆದಿಟ್ಟ ಒಂದು ಅಂಕೆಯನ್ನು ಕಾಲ ಬದಲಾದರೂ ತಿದ್ದದೆ ಹೋದುದರಿಂದ. ಈ ಲೇಖನದಲ್ಲಿ ಆ ಸಂಗತಿಯನ್ನು ಇಂಗ್ಲೆಂಡು, ಮುಂಬಯಿ ಮತ್ತು ಕರ್ನಾಟಕ ಈ ಮೂರು ಕಡೆಗಳ ನಿದರ್ಶನಗಳಿಂದ ವಿವರಿಸಿ, ಇಂದಿನ ಬಾಡಿಗೆದಾರನಿಗೆ ಅದರಿಂದ ದೊರೆಯುವ ಮಾರ್ಗದರ್ಶನವೇನೆಂಬುದನ್ನು ಕೊನೆಯಲ್ಲಿ ಸೂಚಿಸಲಾಗಿದೆ.

೨. ಇಂಗ್ಲೆಂಡಿನ ನ್ಯಾಯಾಲಯಗಳು

ಮೊದಲು ಇಂಗ್ಲೆಂಡಿನಿಂದ ಆರಂಭಿಸಲು ಕಾರಣವುಂಟು: ನಮ್ಮ ಬಾಡಿಗೆಯ ಕಾನೂನಿನ ಬೇರು ಅಲ್ಲಿದೆ. ಆ ದೇಶದ ಹಳೆಯ ನ್ಯಾಯಸೂತ್ರದಲ್ಲಿ ಗುತ್ತಿಗೆಯೆಂದರೆ ಮುಖ್ಯವಾಗಿ ನೆಲದ ಗುತ್ತಿಗೆ. ಹೊಲವನ್ನು ಪಡೆದವನು ಅದನ್ನು ತಾನೇ ನೋಡಿ ಒಪ್ಪಿ ಪಡೆಯುತ್ತಾನೆ. ಅದರ ಮೇಲಿನ ಗುಡಿಸಲು ಬಿದ್ದರೆ ತಾನೇ ಎತ್ತಿ ಕಟ್ಟಿಕೊಳ್ಳುತ್ತಾನೆ. ಕೈಗಾರಿಕೆಯ ಪಟ್ಟಣಗಳು ಬೆಳೆದು, ಒಂದು ಕೋಣೆಯನ್ನು ವಾರದ ಲೆಕ್ಕದಲ್ಲಿ ಹಿಡಿಯುವ ಕೂಲಿಕಾರರು ಹೆಚ್ಚಿದಾಗಲೂ ನ್ಯಾಯಾಧೀಶರು ಇದೇ ಸೂತ್ರವನ್ನು ಅನ್ವಯಿಸಿದರು.

೧೮೪೩ರಲ್ಲಿ ಇತ್ಯರ್ಥವಾದ ಎರಡು ಮೊಕದ್ದಮೆಗಳು ಈ ದೃಷ್ಟಿಯಿಂದ ಗಮನಾರ್ಹವಾಗಿವೆ. ಸ್ಮಿತ್ ವಿರುದ್ಧ ಮ್ಯಾರಬಲ್ ಎಂಬ ಮೊದಲನೆಯದರಲ್ಲಿ, ಬ್ರೈಟನ್ ಪಟ್ಟಣದಲ್ಲಿ ಪೀಠೋಪಕರಣಗಳ ಸಮೇತ ಬಾಡಿಗೆಗೆ ಹಿಡಿದ ಮನೆಯಲ್ಲಿ ತಿಗಣೆಗಳು ತುಂಬಿದ್ದುದರಿಂದ ಬಾಡಿಗೆದಾರನು ಅವಧಿಗೆ ಮುನ್ನವೇ ಮನೆ ಬಿಟ್ಟನು. ಸಾಮಾನುಗಳೊಡನೆ ಕೊಟ್ಟ ಮನೆ ವಾಸಯೋಗ್ಯವಾಗಿರಬೇಕೆಂಬುದು ಕರಾರಿನಲ್ಲಿ ಹೇಳದಿದ್ದರೂ ಅದರೊಳಗೆ ಅಡಗಿರುವ ನಿಬಂಧನೆಯೆಂದು ನ್ಯಾಯಾಲಯ ಒಪ್ಪಿತು. ಆದರೆ ಅದೇ ವರ್ಷದ ಕೊನೆಗೆ ಹಾರ್ಟ್ ವಿರುದ್ಧ ವಿಂಡ್ಸರ್ ಮೊಕದ್ದಮೆಯಲ್ಲಿ, ಬರಿಯ ಮನೆಗೆ ಅಂಥ ನಿಬಂಧನೆ ಯಾವುದೂ ಅನ್ವಯಿಸದೆಂದು ತೀರ್ಪಾಯಿತು. ಕುರ್ಚಿ ಮೇಜುಗಳಿದ್ದರೆ ಮನೆ ವಾಸಯೋಗ್ಯವಾಗಿರಬೇಕು. ಇಲ್ಲದಿದ್ದರೆ ಹೇಗಿದ್ದರೂ ಸರಿ ಎಂಬುದೇ ಇದರ ಫಲಿತಾರ್ಥ. ಮುಂದೆ ೧೮೬೩ರಲ್ಲಿ ಇನ್ನೊಬ್ಬ ನ್ಯಾಯಾಧೀಶರು, ವಂಚನೆಯಿಲ್ಲದಿದ್ದಲ್ಲಿ ಬೀಳುವ ಮನೆಯನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧವಲ್ಲವೆಂಬ ಅರ್ಥದ ಮಾತನ್ನೇ ಆಡಿದರು.

ಕಾಲರಾ ಮೊದಲಾದ ಸಾಂಕ್ರಾಮಿಕ ರೋಗಗಳೂ ಆರೋಗ್ಯ ಸುಧಾರಕರ ವರದಿಗಳೂ ಈ ಸೂತ್ರವನ್ನು ಅಲುಗಿಸಿದವು. ೧೮೮೫ರ ಶ್ರಮಿಕ ವರ್ಗಗಳ ವಸತಿ ಶಾಸನವು, ಅಲ್ಪ ಬಾಡಿಗೆಯ ಮನೆಗಳು ಕೊಡುವ ವೇಳೆಗೆ ಮಾನವ ವಾಸಕ್ಕೆ ಯೋಗ್ಯವಾಗಿರಲೇಬೇಕೆಂದು ವಿಧಿಸಿತು. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ‘ಅಲ್ಪ ಬಾಡಿಗೆ’ ಎಂದರೆ ಎಷ್ಟು? ಶಾಸನ ಅದಕ್ಕೊಂದು ಮಿತಿ ಹಾಕಬೇಕಾಯಿತು. ೧೯೫೭ರ ಶಾಸನದಲ್ಲಿ ಆ ಮಿತಿ ವರ್ಷಕ್ಕೆ ಲಂಡನಿನಲ್ಲಿ ೮೦ ಪೌಂಡು, ಇತರ ಕಡೆಗಳಲ್ಲಿ ೫೨ ಪೌಂಡು. ೧೯೮೫ರಲ್ಲಿ ಕಾನೂನನ್ನು ಹೊಸದಾಗಿ ಕ್ರೋಡೀಕರಿಸಿದಾಗಲೂ ಅವೇ ಅಂಕೆಗಳು ಉಳಿದವು. ಅಷ್ಟು ಹೊತ್ತಿಗೆ ಆ ಬಾಡಿಗೆಗೆ ಲಂಡನಿನಲ್ಲಿ ಮನೆಯೇ ಸಿಕ್ಕುತ್ತಿರಲಿಲ್ಲ. ಹಕ್ಕು ಪುಸ್ತಕದಲ್ಲಿತ್ತು, ಅದನ್ನು ಪಡೆಯಲು ಅರ್ಹನಾದ ಬಾಡಿಗೆದಾರನೊಬ್ಬನು ಮಾತ್ರ ಇರಲಿಲ್ಲ. ಕೊನೆಗೆ ೨೦೧೮ರ ಶಾಸನವು ಈ ಮಿತಿಯನ್ನು ತೆಗೆದುಹಾಕಿತು. ಅದು ೨೦೧೯ರ ಮಾರ್ಚಿಯಲ್ಲಿ ಜಾರಿಗೆ ಬಂದಿತು. ನಡುವಣ ಕಾಲದಲ್ಲಿ ಬಾಡಿಗೆದಾರರನ್ನು ಕಾಪಾಡಿದುದು ೧೯೬೧ರ ವಸತಿ ಶಾಸನ. ಏಳು ವರ್ಷಕ್ಕಿಂತ ಕಡಮೆ ಅವಧಿಯ ಗುತ್ತಿಗೆಗಳಲ್ಲಿ ಮನೆಯ ಕಟ್ಟಡ, ಹೊರಭಾಗ, ನೀರು, ಅನಿಲ, ವಿದ್ಯುತ್ತು, ಶೌಚ ಇವುಗಳ ದುರಸ್ತಿಯನ್ನು ಅದು ಒಡೆಯನ ಮೇಲೆ ಹೊರಿಸಿತು. ಅದರಲ್ಲಿ ಬಾಡಿಗೆಯ ಮಿತಿಯಿರಲಿಲ್ಲ; ಆದುದರಿಂದಲೇ ಅದು ಬದುಕಿತು.

ದುರಸ್ತಿಯೆಂದರೆ ಎಷ್ಟು ಎಂಬ ಪ್ರಶ್ನೆಗೂ ಅಲ್ಲಿ ಒಂದು ಒಳ್ಳೆಯ ಉತ್ತರ ದೊರೆಯಿತು. ೧೮೯೦ರ ಪ್ರೌಡ್‌ಫುಟ್ ವಿರುದ್ಧ ಹಾರ್ಟ್ ಮೊಕದ್ದಮೆಯ ತೀರ್ಪಿನಂತೆ, ಮನೆಯ ವಯಸ್ಸು, ಅದರ ಸ್ವರೂಪ, ಅದಿರುವ ಬಡಾವಣೆ ಇವುಗಳನ್ನು ನೋಡಿ, ಅಂಥ ಮನೆಯನ್ನು ಹಿಡಿಯತಕ್ಕ ವಿವೇಕಿಯಾದ ಬಾಡಿಗೆದಾರನಿಗೆ ಒಪ್ಪುವಷ್ಟರ ಮಟ್ಟಿಗೆ ಮನೆ ಇರಬೇಕು. ಹಳೆಯ ಹೆಂಚಿನ ಮನೆಯನ್ನು ಹಿಡಿದವನು ಅದನ್ನು ಹೊಸ ತಾರಸಿ ಮನೆಯಾಗಿ ಮಾಡಿಕೊಡೆಂದು ಕೇಳಲಾರನು. ಆದರೆ ಒಡೆದ ಹೆಂಚನ್ನು ಬದಲಿಸೆಂದು ಕೇಳಬಹುದು ಎಂದು ನಾವು ಇದನ್ನು ನಮ್ಮ ಊರಿಗೆ ಅನ್ವಯಿಸಿಕೊಳ್ಳಬಹುದು.

೩. ೧೮೮೨ರ ಅಧಿನಿಯಮ

ಇಂಗ್ಲೆಂಡಿನ ಹಳೆಯ ಸೂತ್ರವೇ ಮುಖ್ಯವಾಗಿ ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ಮೂಲಕ ಭಾರತಕ್ಕೆ ಬಂದಿತು. ಅದರ ೧೦೮ನೆಯ ಪ್ರಕರಣವು ಒಡೆಯ ಮತ್ತು ಬಾಡಿಗೆದಾರರ ಹಕ್ಕುಬಾಧ್ಯತೆಗಳನ್ನು ವಿವರಿಸುತ್ತದೆ. ಕರಾರಿನಲ್ಲಾಗಲಿ ಸ್ಥಳೀಯ ರೂಢಿಯಲ್ಲಾಗಲಿ ಬೇರೆ ವಿಧವಾಗಿ ಇಲ್ಲದಿದ್ದರೆ ಈ ನಿಯಮಗಳು ಅನ್ವಯಿಸುತ್ತವೆ.

ನಮ್ಮ ವಿಷಯಕ್ಕೆ ಸಂಬಂಧಿಸಿದ ಅಂಶಗಳು ನಾಲ್ಕು. ಮೊದಲನೆಯದು, ಒಡೆಯನಿಗೆ ತಿಳಿದಿದ್ದು ಬಾಡಿಗೆದಾರನಿಗೆ ಸಾಮಾನ್ಯ ಎಚ್ಚರಿಕೆಯಿಂದ ಕಂಡುಬಾರದ ಮುಖ್ಯ ದೋಷಗಳನ್ನು ಒಡೆಯನು ಮೊದಲೇ ತಿಳಿಸಬೇಕು. ಎರಡನೆಯದು, ಬೆಂಕಿ, ಬಿರುಗಾಳಿ, ಪ್ರವಾಹ ಮೊದಲಾದ ತಡೆಯಲಾರದ ಕಾರಣಗಳಿಂದ ಮನೆಯ ಮುಖ್ಯಭಾಗ ನಾಶವಾದರೆ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ, ಬಾಡಿಗೆದಾರನು ಇಷ್ಟಪಟ್ಟಲ್ಲಿ ಗುತ್ತಿಗೆ ಅಲ್ಲಿಗೆ ನಿಲ್ಲುತ್ತದೆ. ಮೂರನೆಯದು, ಒಡೆಯನು ತಾನು ಮಾಡಲು ಬದ್ಧನಾಗಿರುವ ದುರಸ್ತಿಯನ್ನು ನೋಟೀಸು ತಲಪಿದ ಮೇಲೆ ಯುಕ್ತವಾದ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಅಥವಾ ಒಡೆಯನಿಂದ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು. ನಾಲ್ಕನೆಯದು, ಸಹಜವಾದ ಸವೆತವನ್ನೂ ತಡೆಯಲಾರದ ಅವಘಡವನ್ನೂ ಬಿಟ್ಟು, ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸುವುದು ಬಾಡಿಗೆದಾರನ ಕರ್ತವ್ಯ.

ಮೂರನೆಯ ಅಂಶದಲ್ಲಿರುವ ‘ತಾನು ಮಾಡಲು ಬದ್ಧನಾಗಿರುವ’ ಎಂಬ ಮಾತನ್ನು ವಾಚಕರು ಮತ್ತೊಮ್ಮೆ ಗಮನಿಸಬೇಕು. ಒಡೆಯನು ಯಾವ ದುರಸ್ತಿಗೆ ಬದ್ಧನೆಂಬುದನ್ನು ಅಧಿನಿಯಮ ಹೇಳುವುದಿಲ್ಲ. ಅದನ್ನು ಕರಾರು ಹೇಳಬೇಕು, ಇಲ್ಲವೆ ರೂಢಿ ಹೇಳಬೇಕು, ಇಲ್ಲವೆ ಬೇರೊಂದು ಶಾಸನ ಹೇಳಬೇಕು. ಯಾವುದೂ ಹೇಳದಿದ್ದರೆ ಹಣವನ್ನು ಮುರಿದುಕೊಳ್ಳುವ ಅಧಿಕಾರವಿದ್ದೂ ಅದಕ್ಕೆ ಆಧಾರವಾದ ಹೊಣೆ ಇಲ್ಲದಂತಾಗುತ್ತದೆ. ಬೀಗದ ಕೈ ಇದೆ, ಬಾಗಿಲೇ ಇಲ್ಲ.

ಇದೇ ಅಧಿನಿಯಮದ ೧೦೬ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ತಿಂಗಳ ಬಾಡಿಗೆಯ ವಾಸದ ಮನೆಯನ್ನು ೧೫ ದಿನಗಳ ನೋಟೀಸಿನಿಂದ ಬಿಡಿಸಬಹುದು, ಕಾರಣ ಕೊಡಬೇಕಾಗಿಲ್ಲ. ದುರಸ್ತಿಯನ್ನು ಕೇಳಿದವನಿಗೆ ಮನೆ ಬಿಡುವ ನೋಟೀಸೇ ಉತ್ತರವಾಗಿ ಬರಬಹುದೆಂದಾದರೆ ಕೇಳುವ ಧೈರ್ಯ ಎಷ್ಟು ಜನರಿಗಿರುತ್ತದೆ? ವಾಸದ ಭದ್ರತೆಯಿಲ್ಲದ ಕಡೆ ದುರಸ್ತಿಯ ಹಕ್ಕು ಬಾಯಿಮಾತಾಗಿಯೇ ಉಳಿಯುತ್ತದೆ.

೪. ಮುಂಬಯಿಯ ಅನುಭವ

ಈ ಎರಡು ಕೊರತೆಗಳನ್ನೂ ತುಂಬಲು ಯತ್ನಿಸಿದುದು ಬಾಡಿಗೆ ನಿಯಂತ್ರಣದ ಶಾಸನ. ಎರಡು ಮಹಾಯುದ್ಧಗಳ ಕಾಲದಲ್ಲಿ ಮನೆಗಳ ಅಭಾವ ತೀವ್ರವಾದಾಗ ಮುಂಬಯಿಯಲ್ಲಿ ಇಂಥ ಶಾಸನಗಳು ಬಂದವು. ಅವುಗಳಲ್ಲಿ ೧೯೪೭ರ ಮುಂಬಯಿ ಬಾಡಿಗೆ ಶಾಸನ ಮುಖ್ಯವಾದುದು. ಇದರಲ್ಲಿ ಕನ್ನಡಿಗರಿಗೂ ನೇರವಾದ ಸಂಬಂಧವುಂಟು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಮೊದಲಾದ ಪಟ್ಟಣಗಳು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದಲ್ಲಿಯೇ ಇದ್ದವು. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಜೀವನೋಪಾಯಕ್ಕಾಗಿ ಮುಂಬಯಿಗೆ ಹೋದ ಅಸಂಖ್ಯ ಕನ್ನಡಿಗರು ಅಲ್ಲಿನ ಚಾಳುಗಳಲ್ಲಿಯೇ ಬಾಳು ಕಟ್ಟಿಕೊಂಡರು.

ಆ ಶಾಸನದ ೨೩ನೆಯ ಪ್ರಕರಣ ದುರಸ್ತಿಯ ಹೊಣೆಯನ್ನು ಸ್ಪಷ್ಟವಾಗಿ ಒಡೆಯನ ಮೇಲೆ ಹೊರಿಸಿತು. ವಿರುದ್ಧವಾದ ಕರಾರಿಲ್ಲದಿದ್ದಲ್ಲಿ ಮನೆಯನ್ನು ವಾಸಯೋಗ್ಯವಾದ ಸುಸ್ಥಿತಿಯಲ್ಲಿ ಇಡುವುದು ಅವನ ಕರ್ತವ್ಯ. ಅವನು ಅಲಕ್ಷ್ಯ ಮಾಡಿದರೆ ಬಾಡಿಗೆದಾರನು, ಅಥವಾ ಒಂದು ಚಾಳಿನ ಹಲವು ಬಾಡಿಗೆದಾರರು ಕೂಡಿ, ೧೫ ದಿನಗಳಿಗೆ ಕಡಮೆಯಿಲ್ಲದ ನೋಟೀಸು ಕೊಟ್ಟು, ತಾವೇ ದುರಸ್ತಿ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಒಂದು ಮಿತಿಗೊಳಪಟ್ಟು ಮುರಿದುಕೊಳ್ಳಬಹುದಾಗಿತ್ತು. ನಿಷ್ಕಾರಣವಾಗಿ ಒಕ್ಕಲೆಬ್ಬಿಸದಂತೆ ರಕ್ಷಣೆಯೂ ಇತ್ತು. ಹೊಣೆ, ಉಪಾಯ, ಭದ್ರತೆ ಮೂರೂ ಒಂದೆಡೆ ಕೂಡಿದ್ದವು. ಆದರೂ ಚಾಳುಗಳು ಏಕೆ ಶಿಥಿಲವಾದವು?

ಇಲ್ಲಿಯೂ ಒಂದು ಅಂಕೆಯೇ ಕಾರಣ. ೧೯೪೦ರ ಸೆಪ್ಟೆಂಬರ್ ೧ರಂದು ಇದ್ದ ಬಾಡಿಗೆಯೇ ನಿಯತವಾದ ಬಾಡಿಗೆಯೆಂದು ಶಾಸನ ಗೊತ್ತುಮಾಡಿತ್ತು. ಯುದ್ಧಕಾಲದ ಲಾಭಕೋರತನವನ್ನು ತಡೆಯಲು ಅದು ಆಗ ಯುಕ್ತವಾದ ಕ್ರಮವೇ ಆಗಿತ್ತು. ಆದರೆ ಯುದ್ಧ ಮುಗಿದು ದಶಕಗಳು ಕಳೆದರೂ ಆ ಬಾಡಿಗೆ ಹೆಚ್ಚುಕಡಮೆ ಹಾಗೆಯೇ ನಿಂತಿತು. ಸುಣ್ಣ, ಸಿಮೆಂಟು, ಮರ, ಗಾರೆಯವರ ಕೂಲಿ ಇವು ನಿಲ್ಲಲಿಲ್ಲ. ಇಡೀ ಕಟ್ಟಡದ ಬಾಡಿಗೆಯನ್ನು ಕೂಡಿಸಿದರೂ ಒಂದು ಮಹಡಿಯ ತೊಲೆ ಬದಲಿಸಲು ಸಾಲದಂಥ ಸ್ಥಿತಿ ಬಂದಾಗ ಒಡೆಯನು ಕಟ್ಟಡವನ್ನು ಕೈಬಿಟ್ಟನು. ಬಾಡಿಗೆದಾರನ ಉಪಾಯವೂ ಅದೇ ಗೋಡೆಗೆ ಹೋಗಿ ತಾಗಿತು: ಮುರಿದುಕೊಳ್ಳಬೇಕಾದುದು ಬಾಡಿಗೆಯಲ್ಲಿ, ಆ ಬಾಡಿಗೆಯೇ ಅಲ್ಪ. ಒಡೆಯನ ದುರಾಶೆಯೊಂದರಿಂದಲೇ ಈ ಸ್ಥಿತಿಯನ್ನು ವಿವರಿಸುವುದು ಸುಲಭ, ಆದರೆ ಇತಿಹಾಸಕ್ಕೆ ನ್ಯಾಯವಲ್ಲ. ಬಾಡಿಗೆದಾರನಿಗೆ ಕೊಟ್ಟ ಎರಡು ರಕ್ಷಣೆಗಳಲ್ಲಿ ಒಂದು ಇನ್ನೊಂದನ್ನು ತಿಂದುಹಾಕಿತು.

ಹಳೆಯ ಕಟ್ಟಡಗಳು ಕುಸಿದು ಜೀವಹಾನಿಯಾಗತೊಡಗಿದಾಗ ಸರ್ಕಾರ ಮಧ್ಯೆ ಬರಬೇಕಾಯಿತು. ಬೇಡೇಕರ್ ಸಮಿತಿಯ ಶಿಫಾರಸಿನ ತರುವಾಯ, ೧೯೬೯ರಲ್ಲಿ ಕಟ್ಟಡಗಳ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಲಿಯ ಶಾಸನ ಬಂದಿತು. ನಗರದ ಹಳೆಯ ಭಾಗದಲ್ಲಿ ೧೯,೬೪೨ ಕಟ್ಟಡಗಳ ಮೇಲೆ ವಿಶೇಷ ಕರವನ್ನು ವಿಧಿಸಿ, ಅದರಿಂದ ಮಂಡಲಿಯೇ ದುರಸ್ತಿ ಮಾಡಿಸುವ ಏರ್ಪಾಡಾಯಿತು. ೧೯೭೭ರಲ್ಲಿ ಈ ಕೆಲಸ ಮಹಾರಾಷ್ಟ್ರ ವಸತಿ ಪ್ರಾಧಿಕಾರಕ್ಕೆ ಸೇರಿತು. ಒಬ್ಬ ಒಡೆಯನ ಹೊಣೆ ಹೀಗೆ ಸಾರ್ವಜನಿಕ ಹೊಣೆಯಾಯಿತು. ಆದರೆ ಮೂಲದೋಷ ಹಾಗೆಯೇ ಇತ್ತು. ೧೯೪೦ರ ಬಾಡಿಗೆಗೆ ಇನ್ನೂ ಅಂಟಿಕೊಂಡಿರುವುದು ಯುಕ್ತವಲ್ಲವೆಂದು ೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯಪಟ್ಟಿತು. ತರುವಾಯ ಬಂದ ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಶಾಸನ ೨೦೦೦ದ ಮಾರ್ಚಿಯಲ್ಲಿ ಜಾರಿಗೆ ಬಂದು, ವರ್ಷಕ್ಕೆ ನೂರಕ್ಕೆ ೪ರಂತೆ ಬಾಡಿಗೆಯನ್ನು ಏರಿಸಲು ಅವಕಾಶ ಕೊಟ್ಟಿತು. ಅರುವತ್ತು ವರ್ಷಗಳ ಸವೆತಕ್ಕೆ ಇದು ತಡವಾಗಿ ಬಂದ ಮದ್ದು. ೨೦೧೭ರ ಆಗಸ್ಟ್ ೩೧ರಂದು ಭೇಂಡಿ ಬಜಾರಿನಲ್ಲಿ ಹಳೆಯ ಕಟ್ಟಡವೊಂದು ಕುಸಿದು ಮೂವತ್ತಕ್ಕಿಂತ ಹೆಚ್ಚು ಜನ ಮಡಿದರು. ದುರಸ್ತಿಯ ಪ್ರಶ್ನೆ ಕೊನೆಗೆ ಪ್ರಾಣದ ಪ್ರಶ್ನೆಯೇ ಎಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

೫. ಕರ್ನಾಟಕದ ಇಂದಿನ ಸ್ಥಿತಿ

ಏಕೀಕರಣದ ತರುವಾಯ, ಬೇರೆ ಬೇರೆ ಪ್ರಾಂತಗಳಿಂದ ಬಂದ ಬಾಡಿಗೆ ಕಾನೂನುಗಳಿಗೆ ಬದಲಾಗಿ ಇಡೀ ರಾಜ್ಯಕ್ಕೆಂದು ೧೯೬೧ರ ಮೈಸೂರು ಬಾಡಿಗೆ ನಿಯಂತ್ರಣ ಅಧಿನಿಯಮ ಬಂದಿತು. ೧೯೭೩ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಅದು ಕರ್ನಾಟಕ ಅಧಿನಿಯಮವೆನಿಸಿತು. ಅದರ ಸ್ಥಾನದಲ್ಲಿ ಬಂದ ೧೯೯೯ರ ಕರ್ನಾಟಕ ಬಾಡಿಗೆ ಅಧಿನಿಯಮವು ೨೦೦೧ರ ಡಿಸೆಂಬರ್ ೩೧ರಂದು ಜಾರಿಗೆ ಬಂದಿತು.

ಈ ಹೊಸ ಅಧಿನಿಯಮದಲ್ಲಿಯೂ ಒಂದು ಅಂಕೆಯುಂಟು. ಅದರ ಅನುಸೂಚಿಯ ಮೊದಲ ಭಾಗದಲ್ಲಿ ಹೆಸರಿಸಿದ ದೊಡ್ಡ ನಗರಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗಳನ್ನೂ, ಇತರ ಪ್ರದೇಶಗಳಲ್ಲಿ ೨,೦೦೦ ರೂಪಾಯಿಗಳನ್ನೂ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಶಾಸನವಾದ ಕಾಲದಲ್ಲಿ ಅದು ಮಧ್ಯಮ ವರ್ಗದ ಮನೆಯ ಬಾಡಿಗೆ. ಇಂದು ಬೆಂಗಳೂರಿನಲ್ಲಿ ೩,೫೦೦ ರೂಪಾಯಿಗೆ ಸಂಸಾರ ಹೂಡಬಹುದಾದ ಮನೆಯನ್ನು ಹುಡುಕಿ ಹೊರಟವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಇಂಗ್ಲೆಂಡಿನ ೮೦ ಪೌಂಡಿಗೂ ನಮ್ಮ ೩,೫೦೦ ರೂಪಾಯಿಗೂ ಇರುವ ಸಾಮ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಇಂದು ನಗರದ ಬಾಡಿಗೆದಾರರಲ್ಲಿ ಬಹುಮಂದಿ ತಮಗರಿವಿಲ್ಲದೆಯೇ ೧೮೮೨ರ ಅಧಿನಿಯಮಕ್ಕೆ, ಅಂದರೆ ತಾವು ಸಹಿ ಹಾಕಿದ ಕರಾರಿಗೆ, ಹಿಂದಿರುಗಿದ್ದಾರೆ. ಆ ಕರಾರನ್ನಾದರೋ ನಾವು ಓದದೆಯೇ ಸಹಿ ಮಾಡುವುದು ರೂಢಿ.

ಕೇಂದ್ರ ಸರ್ಕಾರವು ೨೦೨೧ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಅಧಿನಿಯಮದಲ್ಲಿ ದುರಸ್ತಿಯ ಹಂಚಿಕೆಯನ್ನು ಒಂದು ಅನುಸೂಚಿಯಲ್ಲಿ ಬಿಡಿಸಿ ಕೊಟ್ಟಿದೆ. ಬಾಡಿಗೆದಾರನಿಂದ ಆದ ಹಾನಿಯನ್ನು ಬಿಟ್ಟು ಕಟ್ಟಡದ ರಚನೆಯ ದುರಸ್ತಿ, ಗೋಡೆಗೆ ಸುಣ್ಣ ಮತ್ತು ಬಾಗಿಲು ಕಿಟಕಿಗಳಿಗೆ ಬಣ್ಣ, ನೀರಿನ ಕೊಳವೆಗಳ ಬದಲಾವಣೆ, ವಿದ್ಯುತ್ತಂತಿಗಳು ಇವು ಒಡೆಯನ ಪಾಲು. ಚರಂಡಿಯನ್ನು ಶುಚಿಯಾಗಿಡುವುದು, ಸ್ವಿಚ್ಚುಗಳ ದುರಸ್ತಿ, ಅಡುಗೆಮನೆಯ ಜೋಡಣೆಗಳ ದುರಸ್ತಿ, ಒಡೆದ ಕಿಟಕಿಯ ಗಾಜು ಇವು ಬಾಡಿಗೆದಾರನ ಪಾಲು. ಒಡೆಯನು ತನ್ನ ಪಾಲನ್ನು ಮಾಡದಿದ್ದರೆ ಬಾಡಿಗೆದಾರನು ಮಾಡಿಸಿ, ಒಂದು ತಿಂಗಳಲ್ಲಿ ಬಾಡಿಗೆಯ ಅರ್ಧಕ್ಕೆ ಮೀರದಂತೆ ಮುರಿದುಕೊಳ್ಳಬಹುದು. ಈ ಮಿತಿ ರೂಪಾಯಿಯಲ್ಲಿಲ್ಲ, ಬಾಡಿಗೆಯ ಅಂಶದಲ್ಲಿದೆ. ಬಾಡಿಗೆ ಏರಿದಂತೆ ತಾನೂ ಏರುತ್ತದೆ. ಇತಿಹಾಸದಿಂದ ಕಲಿತ ಪಾಠವೆಂದರೆ ಇದೇ. ಆದರೆ ಇದು ಮಾದರಿ ಮಾತ್ರ. ರಾಜ್ಯವು ಅದನ್ನು ತನ್ನ ಶಾಸನವಾಗಿ ಮಾಡಿಕೊಂಡಲ್ಲದೆ ಅದಕ್ಕೆ ಬಲವಿಲ್ಲ.

೬. ಬಾಡಿಗೆದಾರನು ಮಾಡಬಹುದಾದುದು

ಮೇಲಿನ ವಿವೇಚನೆಯಿಂದ ಕೆಲವು ವ್ಯವಹಾರಸೂತ್ರಗಳು ತಾವಾಗಿಯೇ ಹೊರಡುತ್ತವೆ.

ಮೊದಲನೆಯದಾಗಿ, ಹೊಣೆಯನ್ನು ಕರಾರಿನಲ್ಲಿಯೇ ಬರೆಯಿಸಬೇಕು. ಮೇಲೆ ಹೇಳಿದ ಮಾದರಿಯ ಹಂಚಿಕೆಯನ್ನು ಕರಾರುಪತ್ರದಲ್ಲಿ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಹಾಗೆ ಸೇರಿಸಿದರೆ ೧೮೮೨ರ ಅಧಿನಿಯಮದ ‘ಬದ್ಧನಾಗಿರುವ’ ಎಂಬ ಮಾತಿಗೆ ಆಧಾರ ದೊರೆತು, ಮುರಿದುಕೊಳ್ಳುವ ಅಧಿಕಾರ ಜೀವಂತವಾಗುತ್ತದೆ. ಕರಾರಿನ ಅವಧಿ ಮುಗಿಯುವ ಮುನ್ನ ಕಾರಣವಿಲ್ಲದೆ ಬಿಡಿಸಬಾರದೆಂಬುದನ್ನೂ ಅದರಲ್ಲಿಯೇ ಹೇಳಿಸುವುದು ಒಳ್ಳೆಯದು.

ಎರಡನೆಯದಾಗಿ, ಮನೆಯನ್ನು ಪಡೆಯುವ ದಿನವೇ ಅದರ ಸ್ಥಿತಿಯನ್ನು ಛಾಯಾಚಿತ್ರ ಸಹಿತ ಬರೆದು ಇಬ್ಬರೂ ಸಹಿಮಾಡಬೇಕು. ಗೋಡೆಯ ಬಿರುಕು ಹಳೆಯದೋ ಹೊಸದೋ ಎಂಬ ವಾದ ಮುಂದೆ ಮುಂಗಡ ಹಣವನ್ನು ಹಿಂದಿರುಗಿಸುವಾಗ ಏಳುವುದು ಸಾಮಾನ್ಯ.

ಮೂರನೆಯದಾಗಿ, ದೋಷ ಕಂಡಾಗ ಮೊದಲು ಸೌಜನ್ಯದಿಂದ ಬಾಯಿಮಾತಿನಲ್ಲಿ ತಿಳಿಸಬೇಕು. ಫಲವಾಗದಿದ್ದರೆ ಬರೆಹದಲ್ಲಿ ತಿಳಿಸಬೇಕು. ಪತ್ರದಲ್ಲಿ ದಿನಾಂಕ, ದೋಷದ ನಿಖರವಾದ ವರ್ಣನೆ, ಅದರಿಂದಾಗುತ್ತಿರುವ ತೊಂದರೆ, ಸರಿಪಡಿಸಲು ಯುಕ್ತವಾದ ಗಡುವು ಇವಿರಬೇಕು. ಒಡೆಯನಿಗೆ ತಲಪಿದುದಕ್ಕೆ ರಶೀತಿ ದೊರೆಯುವಂತೆ ಅದನ್ನು ಅಂಚೆಯಲ್ಲಿ ಕಳುಹಿಸಿ, ಪ್ರತಿಯನ್ನು ಇಟ್ಟುಕೊಳ್ಳಬೇಕು. ದಿನಾಂಕವಿಲ್ಲದ ದೂರು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ನಾಲ್ಕನೆಯದಾಗಿ, ಬಾಡಿಗೆಯನ್ನು ಪೂರ್ತಿಯಾಗಿ ನಿಲ್ಲಿಸಬಾರದು. ಕೋಪದಲ್ಲಿ ಮಾಡುವ ಈ ಕೆಲಸದಿಂದ ದುರಸ್ತಿಯ ವಿವಾದ ಬಾಕಿಯ ವಿವಾದವಾಗಿ ಮಾರ್ಪಟ್ಟು, ತಪ್ಪು ಒಡೆಯನ ಕಡೆಯಿಂದ ಬಾಡಿಗೆದಾರನ ಕಡೆಗೆ ಸರಿಯುತ್ತದೆ. ನೋಟೀಸಿನ ಗಡುವು ಮುಗಿದ ಮೇಲೆ ಅಗತ್ಯವಾದ ಕೆಲಸವನ್ನಷ್ಟೇ, ಒಬ್ಬಿಬ್ಬರಿಂದ ವೆಚ್ಚದ ಅಂದಾಜು ತರಿಸಿ, ಮಾಡಿಸಬೇಕು; ಬಿಲ್ಲುಗಳ ಪ್ರತಿಯನ್ನು ಒಡೆಯನಿಗೆ ಕೊಟ್ಟು ಅಷ್ಟನ್ನೇ ಮುರಿದುಕೊಳ್ಳಬೇಕು. ಕರಾರಿನಲ್ಲಿ ಹೊಣೆ ಸ್ಪಷ್ಟವಾಗಿಲ್ಲದಿದ್ದರೆ ಮುರಿದುಕೊಳ್ಳುವ ಮೊದಲು ವಕೀಲರನ್ನು ಕೇಳುವುದು ಕ್ಷೇಮ.

ಐದನೆಯದಾಗಿ, ಕಟ್ಟಡವೇ ಅಪಾಯಸ್ಥಿತಿಯಲ್ಲಿದ್ದರೆ ಪುರಸಭೆಗೋ ನಗರಪಾಲಿಕೆಗೋ ತಿಳಿಸಬೇಕು. ಅದರ ಪರಿಣಾಮ ಮನೆಯನ್ನು ತೆರವು ಮಾಡಬೇಕೆಂಬ ಆಜ್ಞೆಯೂ ಆಗಬಹುದೆಂಬುದನ್ನು ಅರಿತೇ ಈ ಹೆಜ್ಜೆ ಇಡಬೇಕು. ಆದರೆ ಪ್ರಾಣಭಯವಿರುವ ಕಡೆ ಬೇರೆ ಯೋಚನೆಗೆ ಎಡೆಯಿಲ್ಲ. ಹಲವು ಸಂಸಾರಗಳಿರುವ ಕಟ್ಟಡದಲ್ಲಿ ಎಲ್ಲರೂ ಕೂಡಿ ಸಹಿಮಾಡಿದ ಮನವಿಗೆ ಒಬ್ಬನ ಮನವಿಗಿಂತ ಬಲ ಹೆಚ್ಚು. ೧೯೪೭ರ ಮುಂಬಯಿ ಶಾಸನವೂ ಇದನ್ನು ಮನಗಂಡೇ ಕೂಡುನೋಟೀಸಿಗೆ ಅವಕಾಶ ಕೊಟ್ಟಿತ್ತು.

೭. ಉಪಸಂಹಾರ

ಸ್ಪಷ್ಟವಾದ ಹೊಣೆ, ಕೈಗೆಟಕುವ ಉಪಾಯ, ವಾಸದ ಭದ್ರತೆ, ದುರಸ್ತಿಗೆ ಸಾಕಾಗುವ ಬಾಡಿಗೆ ಈ ನಾಲ್ಕೂ ಕೂಡಿದಲ್ಲಿ ಮಾತ್ರ ಬಾಡಿಗೆ ಮನೆ ಸುಸ್ಥಿತಿಯಲ್ಲಿ ಉಳಿದೀತು. ಇಂಗ್ಲೆಂಡಿನಲ್ಲಿ ಬಹುಕಾಲ ಹೊಣೆಯೇ ಇರಲಿಲ್ಲ. ಬಂದ ಹೊಣೆಯನ್ನು ೮೦ ಪೌಂಡಿನ ಮಿತಿ ನುಂಗಿತು. ಮುಂಬಯಿಯಲ್ಲಿ ಮೊದಲಿನ ಮೂರಿದ್ದವು, ಬಾಡಿಗೆ ಸಾಲಲಿಲ್ಲ. ನಮ್ಮ ನಗರಗಳಲ್ಲಿ ಇಂದು ಬಾಡಿಗೆ ಯಥೇಚ್ಛವಾಗಿದೆ. ಉಳಿದ ಮೂರನ್ನು ೩,೫೦೦ ರೂಪಾಯಿಯ ಗೆರೆ ಬಹುಮಂದಿಯಿಂದ ದೂರವಿರಿಸಿದೆ. ಆ ಗೆರೆಯನ್ನು ಕಾಲಕಾಲಕ್ಕೆ ತಿದ್ದುವುದು ಶಾಸನಸಭೆಯ ಕೆಲಸ. ಅಲ್ಲಿಯವರೆಗೆ ಬಾಡಿಗೆದಾರನ ಶಾಸನವೆಂದರೆ ಅವನ ಕರಾರುಪತ್ರವೇ. ಅದನ್ನು ಮಳೆ ಬರುವ ಮುನ್ನ ಓದುವುದು ಲೇಸು.